ಆಪರೇಟರ್ ರೂಮಿನ ಕಿಂಡಿ: 800 ಸಲ ಸತ್ತ ಜೆಸ್ಸಿ ಜೇಮ್ಸ್

ಹೋದ ಸಂಚಿಕೆಯಲ್ಲಿ ಒಬ್ಬರು, ಈಚೆಗೆ ನೋಡಿದ್ದರಲ್ಲಿ ಯಾವ ಚಿತ್ರ ಹಿಡಿಸಿತು ಅಂತ ಕೇಳಿದ್ದರು. ನಾನು ಎರಡೇ ಸಾಲು ಬರೆದಿದ್ದೆ. 2007ರ ಇಂಗ್ಲಿಷ್ ಚಿತ್ರ, 'ದಿ ಅಸಾಸಿನೇಷನ್ ಆಫ್ ಜೆಸ್ಸಿ ಜೇಮ್ಸ್ ಬೈ ದ ಕವರ್ಡ್ ರಾಬರ್ಟ್ ಫೋರ್ಡ್' (ಅಮೆರಿಕದ ದರೋಡೆಕೋರ ಜೆಸ್ಸಿ ಜೇಮ್ಸ್‌ನನ್ನು ಹೇಡಿ ರಾಬರ್ಟ್ ಫೋರ್ಡ್ ಕೊಂದ ಕಥೆ). ನಿಧಾನ ಇದೆ, ಆದರೂ ನೋಡಿ. ಅಷ್ಟಕ್ಕೇ ಪತ್ರಗಳ ಕಂತೆ ಬಂದಿದೆ. ಅರ್ಧದಷ್ಟು ಬೈಗುಳ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಅದಕ್ಕೇ.

ಹೊಸ ಓದುಗರಿಗೆ ಒಂದು ಮಾತು. ನಾನು ತಿಪಟೂರು ಕಡೆಯ ಒಂದು ಟಾಕೀಸಿನಲ್ಲಿ 31 ವರ್ಷ ಪ್ರೊಜೆಕ್ಟರ್ ಓಡಿಸಿದವನು. ಸಿನಿಮಾ ಬಗ್ಗೆ ನನಗೆ ಗೊತ್ತಿರೋದು ಗೋಡೆಯ ಕಿಂಡಿಯಿಂದ ಕಂಡಷ್ಟು. ಕಥೆ ಬಿಟ್ಟುಕೊಟ್ಟೆ ಅಂತ ಯಾರೂ ಸಿಟ್ಟಾಗಬೇಡಿ. ಯಾರು ಯಾರನ್ನು ಕೊಲ್ಲುತ್ತಾರೆ ಅಂತ ಹೆಸರಿನಲ್ಲೇ ಇದೆ.

*

ಪ್ರ: ಸಾರ್, ನಿಮ್ಮ ಮಾತು ನಂಬಿ ಭಾನುವಾರ ಹಾಕಿಕೊಂಡು ಕೂತೆ. 40 ನಿಮಿಷಕ್ಕೆ ನಿದ್ದೆ. ಎದ್ದು ನೋಡಿದರೆ ಆವಾಗಲೂ ಯಾರೋ ಕಿಟಕಿ ಹತ್ತಿರ ಸುಮ್ನೆ ನಿಂತಿದ್ದರು. ಕೌಬಾಯ್ ಚಿತ್ರ ಅಂದರೆ ಕುದುರೆ, ಗುಂಡು, ಧೂಳು ಅಲ್ವಾ? ಇದರಲ್ಲಿ ಏನಿದೆ ಅಂತ ನೋಡಿ ಅಂದ್ರಿ?
— ಒಬ್ಬ ಓದುಗ, ಹಾಸನ

ಉ: ಕುದುರೆ ಇದೆ. ಗುಂಡೂ ಇದೆ. ಧೂಳಿನ ಬದಲು ಹಿಮ ಇದೆ, ಏನು ಮಾಡೋದು.

ನೀವು ನಿದ್ದೆಗೆ ಜಾರುವ ಮುಂಚೆ ರೈಲು ದರೋಡೆ ನೋಡಿರುತ್ತೀರಿ. ಅದು ನಿಜವಾಗಿ ನಡೆದದ್ದು. 1881ರ ಸೆಪ್ಟೆಂಬರ್ 7ರ ರಾತ್ರಿ, ಮಿಸೌರಿ ರಾಜ್ಯದ ಬ್ಲೂ ಕಟ್ ಎಂಬಲ್ಲಿ. ಜೆಸ್ಸಿ ಜೇಮ್ಸ್ ಗುಂಪಿನ ಕೊನೆಯ ದೊಡ್ಡ ದರೋಡೆ. ಹಳೆಯ ಜೊತೆಗಾರರು ಅಷ್ಟು ಹೊತ್ತಿಗೆ ಸತ್ತಿದ್ದರು, ಇಲ್ಲ ಜೈಲಿನಲ್ಲಿದ್ದರು. ಉಳಿದವರು ಎಲ್ಲಿಂದಲೋ ಕೂಡಿಹಾಕಿದ ಹೊಸ ಹುಡುಗರು. ಸಾಮಾನ್ಯವಾಗಿ ಇಂಥ ಚಿತ್ರ ದರೋಡೆಯಲ್ಲಿ ಮುಗಿಯುತ್ತೆ. ಇದು ಅಲ್ಲಿಂದ ಶುರುವಾಗುತ್ತೆ.

ಆಮೇಲೆ ಜೆಸ್ಸಿಗೆ ಒಬ್ಬೊಬ್ಬರ ಮೇಲೂ ಅನುಮಾನ. ತಲೆಗೆ ಬಹುಮಾನ ಇದೆ, ಯಾರಾದರೂ ಹಿಡಿದುಕೊಟ್ಟರೆ? ಅದಕ್ಕೆ ಹೇಳದೆ ಕೇಳದೆ ಒಬ್ಬೊಬ್ಬರ ಮನೆಗೆ ಹೋಗುತ್ತಾನೆ. ಕೂರುತ್ತಾನೆ. ಊಟ ಮಾಡುತ್ತಾನೆ. ಜೋಕು ಹೇಳಿ ತಾನೇ ನಗುತ್ತಾನೆ. ಸಾಲ ಕೊಟ್ಟವನು ಮನೆಗೆ ಬಂದು, ಸಾಲದ ಮಾತೇ ಎತ್ತದೆ, ಕಾಫಿ ಹೀರುತ್ತಾ ನಿಮ್ಮ ಮಕ್ಕಳ ಓದಿನ ಬಗ್ಗೆ ವಿಚಾರಿಸಿದರೆ ಹೇಗಿರುತ್ತೆ? ಆ ಅರ್ಧ ಗಂಟೆ ನಿಮಗೆ ಅರ್ಧ ದಿನ ಆಗಲ್ವಾ? ಚಿತ್ರದ ನಿಧಾನ ಆ ಥರದ್ದು. ಹೊರಗಿನಿಂದ ನೋಡಿದರೆ ಏನೂ ನಡೀತಿಲ್ಲ. ಕೂತವನ ಹೊಟ್ಟೆಯೊಳಗೆ ಎಲ್ಲಾ ನಡೀತಿದೆ.

ಒಂದು ದೃಶ್ಯ ಹೇಳುತ್ತೇನೆ. ಮುಂದಿನ ಸಲ ಅದೊಂದನ್ನು ಎದ್ದು ಕೂತು ನೋಡಿ. ಆ ಹೊಸ ಹುಡುಗರಲ್ಲಿ ಇಬ್ಬರಾದ ಫೋರ್ಡ್ ಅಣ್ಣತಮ್ಮಂದಿರ ಅಕ್ಕನ ಮನೆ. ಊಟದ ಮೇಜು. ಬಾಬ್ ಫೋರ್ಡ್‌ಗೆ (ಚಿತ್ರದ ಹೆಸರಿನಲ್ಲಿರುವ ರಾಬರ್ಟ್ ಇವನೇ) ವಯಸ್ಸು ಇನ್ನೂ 20 ಆಸುಪಾಸು, ಚಿಕ್ಕಂದಿನಿಂದ ಜೆಸ್ಸಿಯ ಅಭಿಮಾನಿ. ಮಂಚದ ಕೆಳಗೆ ಒಂದು ಡಬ್ಬ ಇಟ್ಟುಕೊಂಡಿದ್ದಾನೆ, ತುಂಬಾ ಜೆಸ್ಸಿ ಬಗ್ಗೆ ಬಂದ ಅಗ್ಗದ ಕಥೆ ಪುಸ್ತಕಗಳು. ಅಣ್ಣ ಚಾರ್ಲಿ ಎಲ್ಲರೆದುರು ಅವನನ್ನು ಚುಡಾಯಿಸುತ್ತಾನೆ, ನಿನಗೂ ಜೆಸ್ಸಿಗೂ ಏನೇನು ಹೋಲುತ್ತೆ ಹೇಳು ಅಂತ. ಹುಡುಗ ಮೊದಲು ಬೇಡ ಅನ್ನುತ್ತಾನೆ. ಆಮೇಲೆ ಗಿಣಿಪಾಠದ ಹಾಗೆ ಒಪ್ಪಿಸುತ್ತಾನೆ. ನೀವು ನಿಮ್ಮ ಮನೆಯ ಗಂಡುಮಕ್ಕಳಲ್ಲಿ ಕೊನೆಯವರು, ನಾನೂ ಕೊನೆಯವನು. ನಿಮ್ಮ ಕಣ್ಣು ನೀಲಿ, ನನ್ನದೂ ನೀಲಿ. ನೀವು 5 ಅಡಿ 8 ಅಂಗುಲ, ನಾನೂ ಅಷ್ಟೇ. ಅಣ್ಣಂದಿರ ಹೆಸರಿನಲ್ಲಿ ಎಷ್ಟು ಅಕ್ಷರ ಅಂತಲೂ ಲೆಕ್ಕ ಹಾಕಿಟ್ಟುಕೊಂಡಿದ್ದಾನೆ! ಮೇಜಿನ ಸುತ್ತ ನಗು. ಜೆಸ್ಸಿ ಅವನನ್ನು ಇನ್ನಷ್ಟು ಕೆಣಕುತ್ತಾನೆ. ಬಾಬ್ ಕೂಡ ನಗಲು ನೋಡುತ್ತಾನೆ, ತುಟಿ ಅರ್ಧಕ್ಕೇ ನಿಲ್ಲುತ್ತೆ. ಕ್ಯಾಮೆರಾ ಆ ಮುಖ ಬಿಟ್ಟು ಕದಲೋದಿಲ್ಲ. ಬಂದೂಕು ಅವನ ಕೈಗೆ ಬರೋದು ಎಷ್ಟೋ ಹೊತ್ತಿನ ಮೇಲೆ. ಕೊಲೆ ನನ್ನ ಪ್ರಕಾರ ಆಗಿದ್ದು ಈ ಊಟದ ಮೇಜಿನಲ್ಲೇ.

ಇನ್ನು ಉದ್ದದ ಮಾತು. 160 ನಿಮಿಷ. ರೀಲಿನ ಲೆಕ್ಕದಲ್ಲಿ ನಿಮಿಷಕ್ಕೆ 90 ಅಡಿ, ಅಂದರೆ 14,400 ಅಡಿ. ನಮ್ಮ ಕಾಲದ ಪೌರಾಣಿಕ ಚಿತ್ರಗಳನ್ನು ಕಂಡವರಿಗೆ ಇದೇನು ದೊಡ್ಡದಲ್ಲ. ಹಾಡಿಲ್ಲ, ಇಂಟರ್ವಲ್ ಇಲ್ಲ, ಅದಕ್ಕೆ ಭಾರ ಅನಿಸಿರಬೇಕು. ನನಗಂತೂ ಅನುಕೂಲವೇ ಆಯಿತು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರವನ್ನು ನಾನು ಕೂಡಿಸಿ ಓದುವಷ್ಟರಲ್ಲಿ ಬೇರೆ ಚಿತ್ರಗಳಲ್ಲಿ ಇಬ್ಬರು ಸತ್ತಿರುತ್ತಾರೆ. ಇದರಲ್ಲಿ ಓದಿ ಮುಗಿಸಿ, ತಲೆ ಎತ್ತಿ, ಮುಖ ನೋಡುವಷ್ಟು ಪುರುಸೊತ್ತು ಇತ್ತು.

*

ಪ್ರ: ಜೆಸ್ಸಿ ಜೇಮ್ಸ್ ಶ್ರೀಮಂತರಿಂದ ಕಿತ್ತು ಬಡವರಿಗೆ ಹಂಚುತ್ತಿದ್ದನಂತೆ. ಚಿತ್ರದಲ್ಲಿ ಅದನ್ನು ಯಾಕೆ ತೋರಿಸಿಲ್ಲ? ನಿರ್ದೇಶಕರಿಗೆ ಅವನ ಮೇಲೆ ಏನಾದರೂ ಕೋಪವೇ?
— ಎಂ. ಎಸ್., ಸಾಗರ

ಉ: ಹಂಚಿದ್ದಕ್ಕೆ ಸಾಕ್ಷಿಯೇ ಇಲ್ಲ ಸ್ವಾಮಿ. ಇಲ್ಲದ್ದನ್ನು ತೋರಿಸೋದು ಹೇಗೆ?

ನಿಜವಾದ ಮನುಷ್ಯನ ಕಥೆ ಹೀಗಿದೆ. ಹುಟ್ಟಿದ್ದು 1847ರ ಸೆಪ್ಟೆಂಬರ್ 5, ಮಿಸೌರಿಯ ಕ್ಲೇ ಕೌಂಟಿ. ಅಪ್ಪ ಬ್ಯಾಪ್ಟಿಸ್ಟ್ ಪಾದ್ರಿ, ಚಿನ್ನದ ಆಸೆಯ ಕಾಲದಲ್ಲಿ ಕ್ಯಾಲಿಫೋರ್ನಿಯಾಗೆ ಹೋಗಿ ಅಲ್ಲೇ ತೀರಿಕೊಂಡ. ಮನೆಯವರು ಬಡವರಲ್ಲ. ಸೆಣಬಿನಂಥ ನಾರಿನ ಬೆಳೆ ಬೆಳೆಯುತ್ತಿದ್ದರು, ಗುಲಾಮರನ್ನು ಇಟ್ಟುಕೊಂಡಿದ್ದರು. ಅಮೆರಿಕದ ಅಂತರ್ಯುದ್ಧ ಬಂದಾಗ ಅಣ್ಣ ಫ್ರಾಂಕ್ ದಕ್ಷಿಣದವರ ಕಡೆ ಸೇರಿದ. ಸರ್ಕಾರದ ಕಡೆಯ ಪಡೆ ಇವರ ಜಮೀನಿಗೆ ನುಗ್ಗಿ ಮಲತಂದೆಯನ್ನು ಮರಕ್ಕೆ ನೇತುಹಾಕಿ ಹಿಂಸೆ ಕೊಟ್ಟಿತು. ಜೆಸ್ಸಿಗೆ ಆಗ 15 ವರ್ಷ. ಮಾರನೇ ವರ್ಷ ಅವನೂ ಕೊಲೆಗಡುಕ ಪಡೆಯೊಂದಕ್ಕೆ ಸೇರಿದ. ಅವನು ಸೇರಿದ ಆ ಪಡೆ 1864ರ ಸೆಪ್ಟೆಂಬರಿನಲ್ಲಿ ಸೆಂಟ್ರೇಲಿಯಾ ಎಂಬ ಊರಲ್ಲಿ ರೈಲು ನಿಲ್ಲಿಸಿ, ಆಯುಧವಿಲ್ಲದ 20ಕ್ಕೂ ಹೆಚ್ಚು ಸೈನಿಕರನ್ನು ಇಳಿಸಿ ಕೊಂದಿತು.

ಯುದ್ಧ ಮುಗಿಯಿತು, ಇವರ ಕೈ ನಿಲ್ಲಲಿಲ್ಲ. 1869ರಲ್ಲಿ ಗ್ಯಾಲಟಿನ್ ಊರಿನ ಬ್ಯಾಂಕಿನಲ್ಲಿ ಕ್ಯಾಷಿಯರ್‌ಗೆ ಗುಂಡು ಹಾಕಿದರು. ತಮ್ಮ ಹಳೇ ನಾಯಕನನ್ನು ಕೊಂದ ಅಧಿಕಾರಿ ಇವನೇ ಅಂದುಕೊಂಡು! ಸತ್ತವನು ಬೇರೆ ಯಾರೋ. 1872ರಲ್ಲಿ ಕಾನ್ಸಸ್ ಸಿಟಿ ಜಾತ್ರೆಯಲ್ಲಿ ಟಿಕೆಟ್ ಕೌಂಟರ್ ದೋಚಿದ್ದೂ ಇವರೇ ಎನ್ನುತ್ತಾರೆ. ಆ ಗಲಾಟೆಯಲ್ಲಿ ಒಂದು ಪುಟ್ಟ ಹುಡುಗಿಗೆ ಗುಂಡು ತಗುಲಿತು. ಟಿಕೆಟ್ ಕೌಂಟರ್ ದೋಚುವವನಿಗೆ ನನ್ನ ಮನಸ್ಸಿನಲ್ಲಿ ಕ್ಷಮೆ ಇಲ್ಲ, ಅದು ಬೇರೆ ಮಾತು.

ಹಾಗಾದರೆ ಬಡವರ ಬಂಧು ಆಗಿದ್ದು ಹೇಗೆ? ಪತ್ರಿಕೆಯಿಂದ. ಜಾನ್ ನ್ಯೂಮನ್ ಎಡ್ವರ್ಡ್ಸ್ ಅಂತ ಕಾನ್ಸಸ್ ಸಿಟಿಯ ಪತ್ರಿಕೆಯೊಂದರ ಸಂಪಾದಕ. ಸೋತ ದಕ್ಷಿಣದ ಕಡೆ ತಾನೂ ಯುದ್ಧ ಮಾಡಿದವನು. ಜಾತ್ರೆಯ ದರೋಡೆಯನ್ನೇ ಹಿಡಿದು, ಇವರು ಕಳ್ಳರಲ್ಲ, ಹಳೇ ಕಾಲದ ವೀರರು ಅಂತ ಬರೆದ. ಸೋತವರಿಗೆ ಒಬ್ಬ ಹೀರೋ ಬೇಕಿತ್ತು. ಜೆಸ್ಸಿಗೂ ಪತ್ರಿಕೆಗೆ ಪತ್ರ ಬರೆಯುವ ಚಟ. ನಮ್ಮ ನಿಮ್ಮ ಹಾಗೇ.

ಒಂದನ್ನು ಮಾತ್ರ ಅವನ ಪರವಾಗಿ ಹೇಳಬೇಕು. 1875ರ ಜನವರಿಯಲ್ಲಿ ಪಿಂಕರ್ಟನ್ ಎಂಬ ಖಾಸಗಿ ಕಂಪನಿಯ ಪತ್ತೇದಾರರು ಅವನನ್ನು ಹಿಡಿಯಲು ಬಂದು ಅವನ ತಾಯಿಯ ಮನೆಯೊಳಗೆ ಬೆಂಕಿ ಗುಂಡು ಎಸೆದರು. ಜೆಸ್ಸಿ ಮನೆಯಲ್ಲೇ ಇರಲಿಲ್ಲ. 8 ವರ್ಷದ ತಮ್ಮ ಆರ್ಚಿ ಸತ್ತ. ತಾಯಿ ಬಲಗೈ ಕಳೆದುಕೊಂಡಳು. ಅಲ್ಲಿಯವರೆಗೆ ಅವನನ್ನು ಕಂಡರಾಗದವರಿಗೂ ಆ ರಾತ್ರಿಯ ಮೇಲೆ ಕನಿಕರ ಹುಟ್ಟಿತು.

ಚಿತ್ರ ಇದನ್ನೆಲ್ಲ ಹೇಳುತ್ತಾ ಕೂರಲ್ಲ. ಒಂದು ಕಡೆ ಜೆಸ್ಸಿ ಒಬ್ಬ ಚಿಕ್ಕ ಹುಡುಗನ ಕಿವಿ ಹಿಡಿದು, ಬಾಯಿ ಮುಚ್ಚಿ, ಬಡಿದು ಬಡಿದು ಸುದ್ದಿ ಕೇಳುತ್ತಾನೆ. ಆಮೇಲೆ ಹೋಗಿ ಕುದುರೆಗೆ ಮುಖ ಒತ್ತಿಕೊಂಡು ಅಳುತ್ತಾನೆ. ಬಡವರ ಬಂಧುವನ್ನು ಅಲ್ಲಿ ಹುಡುಕಿಕೊಳ್ಳಿ.

*

ಪ್ರ: ಇಷ್ಟುದ್ದ ಹೆಸರು ಯಾರಾದರೂ ಇಡ್ತಾರಾ?
— ಆರ್., ದಾವಣಗೆರೆ

ಉ: ನಮ್ಮ ಟಾಕೀಸಿಗೆ ಬಂದಿದ್ದರೆ ಬೋರ್ಡ್ ಬರೆಯುವವನು ಡಬಲ್ ಕೂಲಿ ಕೇಳುತ್ತಿದ್ದ. ಜಟಕಾದಲ್ಲಿ ಮೈಕು ಹಿಡಿದು ಕೂಗುವವನು ಪೇಟೆ ದಾಟುವಷ್ಟರಲ್ಲಿ ಎರಡೇ ಸಲ ಹೇಳಿರುತ್ತಿದ್ದ. ಹೆಸರು ರಾನ್ ಹ್ಯಾನ್ಸೆನ್ ಬರೆದ 1983ರ ಕಾದಂಬರಿಯದ್ದು. 'ಹೇಡಿ' ಅನ್ನೋ ಪದವನ್ನು ಹೆಸರಿನಲ್ಲೇ ಮೊಳೆ ಹೊಡೆದು ಕೂರಿಸಿದ್ದಾರೆ. ಚಿತ್ರ ಮುಗಿಯುವಷ್ಟರಲ್ಲಿ ಆ ಮೊಳೆ ಅಲ್ಲಾಡೋಕೆ ಶುರುವಾಗುತ್ತೆ.

*

ಪ್ರ: ಸಾರ್, ನಾನು ಫೋಟೋಗ್ರಫಿ ಕಲಿಯುತ್ತಿದ್ದೇನೆ. ಈ ಚಿತ್ರದಲ್ಲಿ ಆಗಾಗ ಪರದೆಯ ಅಂಚು ಮಬ್ಬಾಗುತ್ತೆ, ನಡುವೆ ಮಾತ್ರ ಸ್ಪಷ್ಟ. ನಮ್ಮ ಟಿವಿ ಕೆಟ್ಟಿದೆ ಅಂತ ಅಪ್ಪ. ಯಾರು ಸರಿ?
— ವಿದ್ಯಾರ್ಥಿನಿ, ಮೈಸೂರು

ಉ: ಟಿವಿ ಚೆನ್ನಾಗಿದೆಯಮ್ಮ, ಅಪ್ಪನಿಗೆ ಹೇಳು. ನಾನೂ ಮೊದಲು ಎದ್ದು ಹೋಗಿ ಪರದೆ ಒರೆಸಿದೆ. 31 ವರ್ಷದ ಅಭ್ಯಾಸ, ಮಬ್ಬು ಕಂಡರೆ ಕೈ ತಾನಾಗೇ ಫೋಕಸ್ ತಿರುಪಿಗೆ ಹೋಗುತ್ತೆ.

ಅದು ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಬೇಕೆಂದೇ ಮಾಡಿದ್ದು. ಹಳೆಯ ವೈಡ್ ಆಂಗಲ್ ಲೆನ್ಸಿನ ಗಾಜನ್ನು ಬಿಚ್ಚಿ ಬೇರೆ ಲೆನ್ಸಿನ ಮುಂದೆ ಕೂರಿಸಿದರು. ಆಗ ನಡುವಿನದು ಸರಿಯಾಗಿ ಬೀಳುತ್ತೆ, ಅಂಚು ಕರಗುತ್ತೆ, ಬಣ್ಣ ಸ್ವಲ್ಪ ಚೆಲ್ಲಿದ ಹಾಗೆ ಕಾಣುತ್ತೆ. ಅಜ್ಜನ ಕಾಲದ ಫೋಟೋ ಮೂಲೆಯಲ್ಲಿ ಮಾಸಿರುತ್ತಲ್ಲ, ಹಾಗೆ. ಗಮನಿಸಿ ನೋಡು. ಹೆಚ್ಚಾಗಿ ಹಿನ್ನೆಲೆಯಲ್ಲಿ ಕಥೆ ಹೇಳುವ ದನಿ ಬಂದಾಗ ಈ ಮಬ್ಬು ಬರುತ್ತೆ. ಅಂದರೆ ಕಣ್ಣಾರೆ ಕಂಡದ್ದಲ್ಲ, ಯಾರೋ ನೆನಪು ಮಾಡಿಕೊಂಡು ಹೇಳುತ್ತಿದ್ದಾರೆ ಅಂತ.

ಆದರೆ ನೀನು ಪರೀಕ್ಷೆಗೆ ಓದುವ ಹಾಗೆ ನೋಡಬೇಕಾದ್ದು ರೈಲಿನ ರಾತ್ರಿ. ಕಾಡು ಪೂರ್ತಿ ಕಪ್ಪು. ಗುಂಪಿನವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮರಗಳ ನಡುವೆ ನಿಂತಿದ್ದಾರೆ. ಜೆಸ್ಸಿ ಹಳಿಗೆ ಕಿವಿ ಹಚ್ಚುತ್ತಾನೆ. ದೂರದಲ್ಲಿ ತಿರುವಿನಾಚೆ ಬೆಳಕು. ಎಂಜಿನ್ನು ಕಾಣೋದಿಲ್ಲ, ಬೆಳಕು ಮಾತ್ರ ಬರುತ್ತೆ. ಮರದ ನೆರಳುಗಳು ನೆಲದ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಓಡುತ್ತವೆ. ಒಂದು ಕ್ಷಣ ಎಲ್ಲರೂ ಬೆಳಗಿ ಮತ್ತೆ ಕತ್ತಲು. ಆಮೇಲೆ ಹೊಗೆ, ಹೊಗೆಯಲ್ಲಿ ಲಾಟೀನು ಹಿಡಿದ ಒಂದು ಆಕಾರ. ನಾವು ಪ್ರೊಜೆಕ್ಟರಿಗೆ ಕಾರ್ಬನ್ ಕಡ್ಡಿ ಉರಿಸುತ್ತಿದ್ದ ಕಾಲದಲ್ಲಿ ಕಡ್ಡಿ ಸವೆದರೆ ಕತ್ತಲ ದೃಶ್ಯ ಪೂರ್ತಿ ಮಸಿಯಾಗುತ್ತಿತ್ತು. ಈ ಚಿತ್ರವನ್ನು ಆ ಮೆಷಿನ್ನಿನಲ್ಲಿ ಓಡಿಸಬೇಕಿತ್ತು ಅಂದರೆ ನನ್ನ ಕೈ ನಡುಗುತ್ತಿತ್ತು.

ಆ ವರ್ಷ ಡೀಕಿನ್ಸ್ ಕೆಲಸ ಮಾಡಿದ ಎರಡು ಚಿತ್ರ ಒಟ್ಟಿಗೆ ಆಸ್ಕರ್ ಸ್ಪರ್ಧೆಯಲ್ಲಿದ್ದವು. ಎರಡಕ್ಕೂ ಸಿಗಲಿಲ್ಲ. ಮೊದಲ ಆಸ್ಕರ್ ಬಂದದ್ದು 2018ರಲ್ಲಿ, 14ನೇ ನಾಮನಿರ್ದೇಶನಕ್ಕೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಅಪ್ಪನಿಗೆ ಇದನ್ನೂ ಹೇಳು.

*

ಪ್ರ: ಸರ, ನಮ್ಮ ಕಡೆ ಸಂಗೊಳ್ಳಿ ರಾಯಣ್ಣನ ಲಾವಣಿ ಕೇಳಿ ಬೆಳೆದವ ನಾನು. ರಾಯಣ್ಣನನ್ನೂ ನಂಬಿದವರೇ ಹಿಡಿದುಕೊಟ್ಟರು. ಜೆಸ್ಸಿ ಕಥೆಯೂ ಹಂಗೇ ಅನಿಸ್ತು. ಸರಿ ಏನ್ರಿ?
— ಒಬ್ಬ ಓದುಗ, ಬೈಲಹೊಂಗಲ

ಉ: ಇಬ್ಬರನ್ನೂ ಒಂದೇ ಮಣೆಯಲ್ಲಿ ಕೂರಿಸಬೇಡಿ ಸರ. ರಾಯಣ್ಣ ಕಿತ್ತೂರಿಗಾಗಿ ಕಂಪನಿ ಸರ್ಕಾರದ ಮೇಲೆ ಬಿದ್ದವನು, 1831ರಲ್ಲಿ ನಂದಗಡದಲ್ಲಿ ನೇಣಿಗೆ ಹೋದವನು. ಇವನು ಬ್ಯಾಂಕು, ರೈಲು ದೋಚಿದವನು. ಆದರೆ ಹಾಡು ಕಟ್ಟುವವರ ಬಗ್ಗೆ ನೀವು ಹೇಳಿದ್ದು ಸರಿ. ನಂಬಿದವನೇ ಕೈಕೊಟ್ಟ ಅಂದರೆ ಹಾಡು ತಾನಾಗೇ ಹುಟ್ಟುತ್ತೆ. ಜೆಸ್ಸಿ ಸತ್ತ ಕೆಲವೇ ದಿನದಲ್ಲಿ ಅಲ್ಲೂ ಲಾವಣಿ ಹುಟ್ಟಿತು. ತಮಾಷೆ ನೋಡಿ, ಅದೇ 1880ರ ದಶಕದಲ್ಲಿ ಫ್ಲೀಟ್ ಸಾಹೇಬರು ನಿಮ್ಮ ಕಡೆಯ ಕನ್ನಡ ಲಾವಣಿಗಳನ್ನು ಕೂಡಿಸಿ ಅಚ್ಚು ಹಾಕಿಸುತ್ತಿದ್ದರು.

ಜೆಸ್ಸಿಯ ಹಾಡಿನಲ್ಲಿ ಬಾಬ್ ಫೋರ್ಡ್ ಹೊಲಸು ಹೇಡಿ. ಜೆಸ್ಸಿಗೆ ಹೆಂಡತಿ, ಮೂವರು ಮಕ್ಕಳು. ಚಿತ್ರದ ಕೊನೆಯ ಭಾಗದಲ್ಲಿ ಒಂದು ಹೆಂಡದಂಗಡಿ. ಒಬ್ಬ ಗಿಟಾರ್ ಹಿಡಿದು ಇದನ್ನು ಹಾಡುತ್ತಿದ್ದಾನೆ. ಹಾಡುವವನು ನಿಕ್ ಕೇವ್. ಈ ಚಿತ್ರದ ಸಂಗೀತವೂ ಅವರದ್ದೇ, ವಾರೆನ್ ಎಲ್ಲಿಸ್ ಜೊತೆ. ಮೂಲೆಯಲ್ಲಿ ಕೂತ ಬಾಬ್ ಎದ್ದು ನಾನೇ ಆ ರಾಬರ್ಟ್ ಫೋರ್ಡ್ ಅನ್ನುತ್ತಾನೆ. ಆಮೇಲೆ ಏನು ತಿದ್ದುತ್ತಾನೆ ಗೊತ್ತಾ? 'ಹೇಡಿ' ಅನ್ನೋದನ್ನಲ್ಲ. ಮಕ್ಕಳು ಮೂರಲ್ಲ, ಇಬ್ಬರು ಅಂತ!

ನಿಜವಾಗಿಯೂ ಬದುಕಿ ಉಳಿದವರು ಇಬ್ಬರೇ, ಒಂದು ಗಂಡು ಒಂದು ಹೆಣ್ಣು. ಆ ಮನೆಯಲ್ಲಿ ಉಂಡವನಿಗೆ ಗೊತ್ತಿರುತ್ತೆ. ಕೇಳುವವರು ಯಾರು. ಹಾಡಿನಲ್ಲಿ ಇವತ್ತಿಗೂ ಮೂರೇ.

*

ಪ್ರ: ಇಡೀ ಚಿತ್ರದಲ್ಲಿ ಹೆಂಗಸರಿಗೆ ಮಾತೇ ಇಲ್ಲವಲ್ಲ ಮಾರಾಯ್ರೇ. ಹೆಂಡತಿ ಜೀ ಅಡುಗೆಮನೆಯಲ್ಲಿ ನಿಂತದ್ದು ಬಿಟ್ಟರೆ ಏನು ಮಾಡಿದಳು?
— ಗೃಹಿಣಿ, ಕುಂದಾಪುರ

ಉ: ನಿಮ್ಮ ದೂರು ನ್ಯಾಯವಾದದ್ದು. ಚಿತ್ರದ ದೊಡ್ಡ ಕೊರತೆ ಅದೇ. ಮೇರಿ ಲೂಯಿಸ್ ಪಾರ್ಕರ್ ಅಂಥ ನಟಿಯನ್ನು ಕರೆತಂದು ಒಂದೇ ಒಂದು ಅಳು ಕೊಟ್ಟು ಕಳಿಸಿದ್ದಾರೆ. ಆ ಅಳು ಚೆನ್ನಾಗಿದೆ, ಆದರೂ.

ಜೀ ಅವನ ಸೋದರ ಸಂಬಂಧಿಯೇ. ಪೂರ್ತಿ ಹೆಸರು ಜೆರೆಲ್ಡಾ. ಅತ್ತೆಯ ಹೆಸರೂ ಜೆರೆಲ್ಡಾ. ಮದುವೆಯಾಗಿದ್ದು 1874ರಲ್ಲಿ. ಆಮೇಲೆ ಊರಿಂದ ಊರಿಗೆ, ಸುಳ್ಳು ಹೆಸರಿನಲ್ಲಿ. ಟೆನೆಸ್ಸಿಯಲ್ಲಿ ಹೋವರ್ಡ್, ಸೇಂಟ್ ಜೋಸೆಫ್‌ನಲ್ಲೂ ಹೋವರ್ಡ್. ಮಗನಿಗೆ ತನ್ನ ನಿಜವಾದ ಹೆಸರೇ ಗೊತ್ತಿರಲಿಲ್ಲ. ಗಂಡ ಸತ್ತ ಮೇಲೆ ಮನೆ ಸಾಮಾನು ಹರಾಜು ಹಾಕಿ ಬದುಕಿದಳು, 1900ರಲ್ಲಿ ತೀರಿಕೊಂಡಳು. ಅತ್ತೆ ಮಾತ್ರ ಗಟ್ಟಿಗಿತ್ತಿ. ಮಗನ ಸಮಾಧಿ ನೋಡಲು ಬಂದವರ ಹತ್ತಿರ ಕಾಸು ವಸೂಲು ಮಾಡುತ್ತಿದ್ದಳು. ಸಮಾಧಿ ಮೇಲಿನ ಬೆಣಚುಕಲ್ಲನ್ನೂ ಮಾರುತ್ತಿದ್ದಳು, ಖಾಲಿಯಾದರೆ ಹಳ್ಳದಿಂದ ತಂದು ತುಂಬುತ್ತಿದ್ದಳು ಅಂತ ಹೇಳುತ್ತಾರೆ. ಅವಳ ಮೇಲೆ ಒಂದು ಚಿತ್ರ ಮಾಡಿದರೆ ಯಾರಿಗೂ ನಿದ್ದೆ ಬರಲ್ಲ, ಹಾಸನದವರಿಗೂ.

ಅಣ್ಣ ಫ್ರಾಂಕ್ ವಿಷಯವೂ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು. ಶರಣಾಗಿ, ಕೋರ್ಟಿನಲ್ಲಿ ಬಿಡುಗಡೆಯಾಗಿ, ವಯಸ್ಸಾದ ಮೇಲೆ ಸೇಂಟ್ ಲೂಯಿಸ್‌ನ ಒಂದು ನಾಟಕ ಮಂದಿರದಲ್ಲಿ ಗೇಟಿನಲ್ಲಿ ನಿಂತು ಟಿಕೆಟ್ ಹರಿಯುವ ಕೆಲಸ ಮಾಡಿದ. ನಮ್ಮ ಟಾಕೀಸಿನ ಗೇಟ್‌ಕೀಪರನ ಮುಖ ಕಣ್ಮುಂದೆ ಬಂತು.

*

ಪ್ರ: ಅನುಮಾನ ಇದ್ದರೂ ಜೆಸ್ಸಿ ಬಂದೂಕಿನ ಬೆಲ್ಟ್ ಬಿಚ್ಚಿಟ್ಟು ಬೆನ್ನು ತಿರುಗಿಸಿ ಕುರ್ಚಿ ಹತ್ತಿದ್ದು ಯಾಕೆ? ಸಾಯೋಕೆ ಮನಸ್ಸಿತ್ತಾ?
— ಕೆ., ಚಿತ್ರದುರ್ಗ

ಉ: 1882ರ ಏಪ್ರಿಲ್ 3, ಬೆಳಗ್ಗೆ. ಸೇಂಟ್ ಜೋಸೆಫ್ ಊರಿನ ಬಾಡಿಗೆ ಮನೆ. ಗೋಡೆ ಮೇಲಿನ ಪಟಕ್ಕೆ ಧೂಳು ಕೂತಿದೆ ಅಂತ ಕುರ್ಚಿ ಹತ್ತಿದ, ಹಿಂದಿನಿಂದ ಬಾಬ್ ತಲೆಗೆ ಹೊಡೆದ. ಇಷ್ಟು ನಡೆದದ್ದು ದಾಖಲೆಯಲ್ಲಿದೆ. ವಯಸ್ಸು 34. ಮನಸ್ಸಿನಲ್ಲಿ ಏನಿತ್ತು ಅನ್ನೋದು ಚಿತ್ರದವರ ಊಹೆ. ಅವರ ಊಹೆ ಏನಂದರೆ, ಹೌದು, ಸಾಕಾಗಿತ್ತು. ಮುಂಚೆಯೇ ಹೆಪ್ಪುಗಟ್ಟಿದ ನೀರಿನ ಮೇಲೆ ನಿಂತು ಚಾರ್ಲಿ ಜೊತೆ ಸಾವಿನ ಮಾತಾಡಿ ಮಂಜುಗಡ್ಡೆಗೆ ಗುಂಡು ಹೊಡೆಯುತ್ತಾನೆ. ಬಾಬ್‌ಗೆ ಹೊಸ ರಿವಾಲ್ವರನ್ನು ಉಡುಗೊರೆ ಕೊಡುವವನೂ ಅವನೇ. ಕುರ್ಚಿ ಮೇಲೆ ನಿಂತಾಗ ಪಟದ ಗಾಜಿನಲ್ಲಿ ಹಿಂದೆ ಎತ್ತಿದ ಬಂದೂಕು ಕಾಣುತ್ತೆ. ತಿರುಗಲ್ಲ.

ಬಹುಮಾನ 5,000 ಡಾಲರ್, ಶಿಕ್ಷೆಯಾದರೆ ಇನ್ನೂ ಅಷ್ಟು ಅಂತ ಗವರ್ನರ್ ಕ್ರಿಟೆಂಡನ್ ಸಾರಿದ್ದರು. ಫೋರ್ಡ್ ಅಣ್ಣತಮ್ಮಂದಿರಿಗೆ ಕೈಗೆ ಬಂದದ್ದು ಸ್ವಲ್ಪವೇ. ಕೊಲೆ ಒಪ್ಪಿಕೊಂಡರು, ನೇಣು ಶಿಕ್ಷೆ ಆಯಿತು, ಅದೇ ದಿನ ಗವರ್ನರ್ ಕ್ಷಮಿಸಿದರು. ನಮ್ಮಲ್ಲಿ ಒಂದು ವಾಯಿದೆ ಸಿಗೋಕೆ ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕಿ.

ಆಮೇಲಿನ 20 ನಿಮಿಷಕ್ಕಾಗಿ ನಾನು ಈ ಚಿತ್ರ ಮೂರು ಸಲ ನೋಡಿದ್ದೇನೆ. ಹೆಣವನ್ನು ಮಂಜುಗಡ್ಡೆ ಮೇಲೆ ಇಟ್ಟು ತೆಗೆದ ಫೋಟೋ ಔಷಧದ ಅಂಗಡಿಗಳಲ್ಲಿ ಮಾರಾಟಕ್ಕೆ ಬರುತ್ತೆ. ಕಣ್ಣಿಗೆ ಹಚ್ಚಿಕೊಂಡು ನೋಡುವ ಪೆಟ್ಟಿಗೆಯಲ್ಲಿ ಆಚೆ ಈಜಿಪ್ಟಿನ ಸ್ಫಿಂಕ್ಸ್, ಈಚೆ ನಮ್ಮ ತಾಜ್‌ಮಹಲ್, ನಡುವೆ ಸತ್ತ ಜೆಸ್ಸಿ. ಫೋರ್ಡ್‌ಗಳು ಈ ಕೊಲೆಯನ್ನೇ ನಾಟಕ ಮಾಡಿ ಊರೂರು ಸುತ್ತುತ್ತಾರೆ. ಚಾರ್ಲಿ ಜೆಸ್ಸಿಯ ಪಾತ್ರ, ಬಾಬ್ ಬಾಬ್‌ನ ಪಾತ್ರ. ಅವನದೇ ಅಂದಾಜಿನಲ್ಲಿ 800ಕ್ಕೂ ಹೆಚ್ಚು ಸಲ ಕೊಂದನಂತೆ, ಹಾಗಂತ ಕಥೆಗಾರನ ದನಿ ಹೇಳುತ್ತೆ. ಪ್ರತಿ ಸಲವೂ ಬೆನ್ನಿಗೆ. ಮೊದಮೊದಲು ಚಪ್ಪಾಳೆ, ಬರಬರುತ್ತಾ "ಹೇಡಿ" ಅನ್ನೋ ಕೂಗು. ಒಂದೇ ಸೀನನ್ನು ದಿನಕ್ಕೆ ನಾಲ್ಕು ಆಟ ನೋಡಿದವನು ನಾನು. ನೂರನೇ ಸಲಕ್ಕೆ ಹೀರೋ ಯಾರು, ವಿಲನ್ ಯಾರು ಅನ್ನೋದು ಕಲಸಿಹೋಗುತ್ತೆ. 800 ಆದರೆ?

ಚಾರ್ಲಿ 1884ರಲ್ಲಿ ತಾನೇ ಗುಂಡು ಹೊಡೆದುಕೊಂಡ. ಬಾಬ್‌ನನ್ನು 1892ರ ಜೂನ್ 8ರಂದು ಕೊಲರಾಡೋದ ಕ್ರೀಡ್ ಊರಿನಲ್ಲಿ, ಅವನದೇ ಡೇರೆ ಹೆಂಡದಂಗಡಿಯಲ್ಲಿ ಒಬ್ಬ ಕೊಂದ. ಜೆಸ್ಸಿಯ ಅಭಿಮಾನಿಗಳು ಆ ಕೊಲೆಗಾರನನ್ನು ಮೆಚ್ಚಿಕೊಂಡರು. ಬಾಬ್‌ನ ಹೆಣದ ಫೋಟೋ ಯಾವ ಅಂಗಡಿಯಲ್ಲೂ ಮಾರಲಿಲ್ಲ.

*

ಪ್ರ: ಜೆಸ್ಸಿ ಆದ ಬ್ರಾಡ್ ಪಿಟ್ ಚೆನ್ನಾಗಿ ಮಾಡಿದ್ದಾನಾ, ಬಾಬ್ ಆದ ಕೇಸಿ ಆಫ್ಲೆಕ್ ಚೆನ್ನಾಗಿ ಮಾಡಿದ್ದಾನಾ? ಒಂದೇ ಮಾತಲ್ಲಿ ಹೇಳಿ.
— ಎನ್., ಕೋಲಾರ

ಉ: ಆಫ್ಲೆಕ್. (ವೆನಿಸ್ ಚಿತ್ರೋತ್ಸವದವರು ಪಿಟ್‌ಗೆ ಪ್ರಶಸ್ತಿ ಕೊಟ್ಟರು. ಅವರ ಇಷ್ಟ.)

*

ಪ್ರ: ಇಷ್ಟು ಒಳ್ಳೆಯದಾದರೆ ಚಿತ್ರ ಓಡಲಿಲ್ಲ ಯಾಕೆ?
— ನಿವೃತ್ತ ಶಿಕ್ಷಕ, ಹಾವೇರಿ

ಉ: ಚಿತ್ರೀಕರಣ 2005ರಲ್ಲಿ, ಕೆನಡಾದಲ್ಲಿ. ಬಿಡುಗಡೆ 2007ರ ಸೆಪ್ಟೆಂಬರಿಗೆ. ನಡುವಿನ ಎರಡು ವರ್ಷ ಎಡಿಟಿಂಗ್ ಟೇಬಲ್ಲಿನ ಜಗ್ಗಾಟ. ನಿರ್ದೇಶಕ ಆಂಡ್ರ್ಯೂ ಡೊಮಿನಿಕ್‌ಗೆ ಇದು ಎರಡನೇ ಚಿತ್ರ. ಅವರಿಗೆ ನಿಧಾನ ಬೇಕು, ದುಡ್ಡು ಹಾಕಿದವರಿಗೆ ಓಟ ಬೇಕು. ಸುಮಾರು 3 ಕೋಟಿ ಡಾಲರ್ ಹಾಕಿದ್ದಕ್ಕೆ ಅದರ ಅರ್ಧದಷ್ಟು ಬಂತು.

ದುಡ್ಡು ಹಾಕಿದವರ ಸಂಕಟ ನನಗೆ ಗೊತ್ತು ಮೇಷ್ಟ್ರೇ. ನಮ್ಮ ಮಾಲೀಕರು ಸೆಕೆಂಡ್ ಶೋ ಬಿಡುವಷ್ಟರಲ್ಲಿ ಕೊನೆಯ ಬಸ್ಸು ಹೋಗುತ್ತೆ ಅಂತ ಒಂದು ಚಿತ್ರದ 11ನೇ ರೀಲನ್ನೇ ಹಾರಿಸಲು ಹೇಳುತ್ತಿದ್ದರು. ತಾಯಿ ಮಗನನ್ನು ಕ್ಷಮಿಸುವ ರೀಲು ಅದು. ಮೂರು ವಾರ ನಮ್ಮೂರಿನ ಸೆಕೆಂಡ್ ಶೋದವರು ಆ ತಾಯಿ ಕ್ಷಮಿಸಲೇ ಇಲ್ಲ ಅಂದುಕೊಂಡು ಮನೆಗೆ ಹೋದರು. ಬಸ್ಸು ಮಾತ್ರ ಸಿಕ್ಕಿತು.

*

ಪ್ರ: ಬಾಬ್ ಫೋರ್ಡ್ ಮೇಲೆ ನಿಮಗೆ ಕನಿಕರ ಇರಬೇಕು ಅಂತ ಚಿತ್ರ ನೋಡಿದಾಗ ಅನಿಸಿತು. ನೀವೂ ಯಾರದ್ದಾದರೂ ಅಭಿಮಾನಿ ಆಗಿದ್ರಾ?
— ಒಬ್ಬ ಓದುಗಿ, ಅರಸೀಕೆರೆ

ಉ: ಹಿಡಿದುಬಿಟ್ಟಿರಿ.

ನನ್ನ ಹತ್ತಿರವೂ ಒಂದು ಡಬ್ಬ ಇತ್ತು. ಬಿಸ್ಕತ್ ಡಬ್ಬ, ಮುಚ್ಚಳದ ಮೇಲೆ ಗುಲಾಬಿ ಹೂವು. ರೀಲು ಹರಿದಾಗ ಕತ್ತರಿಸಿ ಅಂಟಿಸುತ್ತೇವಲ್ಲ, ಆಗ ಉಳಿದ ತುಂಡುಗಳು. ಅದರಲ್ಲಿ ಒಬ್ಬ ಹೀರೋ ಇರುವವು ಮಾತ್ರ. ಹೆಸರು ಬೇಡ. ಅವರ ನಡಿಗೆ, ತೋಳು ಮಡಿಸುವ ರೀತಿ, ಎಲ್ಲಾ ನನಗೆ ಬಂದಿತ್ತು. ಟಾರ್ಚ್ ಹಿಂದೆ ಹಿಡಿದು ಒಂದೊಂದೇ ತುಂಡನ್ನು ಗೋಡೆ ಮೇಲೆ ನೋಡುತ್ತಿದ್ದೆ.

ಅವರ ಒಂದು ಚಿತ್ರ ನಮ್ಮಲ್ಲಿ 50 ದಿನ ಓಡಿತು. ಅವರೇ ಬಂದರು. ಆಪರೇಟರ್ ರೂಮಿಗೂ ಬರುತ್ತಾರೆ ಅಂದಿದ್ದರು. ನಾನು ಬೆಳಗ್ಗೆಯೇ ಮೆಷಿನ್ನು ಒರೆಸಿ, ಇಸ್ತ್ರಿ ಅಂಗಿ ಹಾಕಿ, ಡಬ್ಬ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತೆ. ಅವರು ಬಂದರು, ಸುತ್ತ ಹತ್ತು ಜನ. ನಾನು ಡಬ್ಬದ ಮುಚ್ಚಳ ತೆಗೆದೆ. ಅವರು ಬಗ್ಗಿ ನೋಡಿ, "ಏನಿದು, ಕಸಾನಾ?" ಅಂದರು. ತಮಾಷೆಗೇ ಅಂದಿದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವತ್ತು ಫಸ್ಟ್ ಶೋ ಹೌಸ್‌ಫುಲ್. ಅವರ ಎಂಟ್ರಿ ಸೀನು, ಗಾಂಧಿಕ್ಲಾಸಿನವರು ಚಿಲ್ಲರೆ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದರು. ಕಿಂಡಿಯಿಂದ ನೋಡಿದೆ. ಅವರು ಜೀಪಿನಿಂದ ಇಳಿಯುವುದಕ್ಕೂ ನನ್ನ ಕೈ ಫೋಕಸ್ ತಿರುಪಿಗೆ ಹೋಗುವುದಕ್ಕೂ ಸರಿಹೋಯಿತು. ಪರದೆ ಮೇಲೆ ಮುಖ ಇಲ್ಲ, ಬರೀ ಬಣ್ಣದ ಕಲೆ. ಒಂದು, ಎರಡು, ಮೂರು, ನಾಲ್ಕು ಎಣಿಸಿದೆ. ಕೆಳಗಿನಿಂದ "ಲೇ ಆಪರೇಟರ್!" ಅಂತ ಕೂಗು, ಸಿಳ್ಳೆ, ಯಾರೋ ಬೆಂಚು ಗುದ್ದಿದರು. ಐದಕ್ಕೆ ಸರಿ ಮಾಡಿದೆ. ಅಷ್ಟು ಹೊತ್ತಿಗೆ ಅವರು ಬೆನ್ನು ತಿರುಗಿಸಿ ನಡೆಯುತ್ತಿದ್ದರು.

ಮಾರನೇ ದಿನ ಮಾಲೀಕರು ಸಂಬಳದಲ್ಲಿ ಎರಡು ರೂಪಾಯಿ ಹಿಡಿದರು. ಡಬ್ಬ ಈಗ ಮಗಳ ಮನೆಯಲ್ಲಿದೆ, ಗುಂಡಿ ದಾರ ಇಟ್ಟುಕೊಂಡಿದ್ದಾಳೆ. ತುಂಡುಗಳು ಬೇರೆ ಕವರಿನಲ್ಲಿವೆ.